ನಿಂತುಹೋದ ಸವಾರಿಗಳು: ಕಾರವಾರ–ಅಂಕೋಲೆ ಸೀಮೆಯ ಹಳಹಳಿಯ ಬರಹವನ್ನು ಕುರಿತು

೧

ನಮ್ಮ ದೀಪಾವಳಿ ವಿಶೇಷಾಂಕಗಳಲ್ಲಿ, ಶಾಲೆ ಮತ್ತು ಸಂಘಗಳ ಸ್ಮರಣ ಸಂಚಿಕೆಗಳಲ್ಲಿ, ಅಭಿನಂದನ ಗ್ರಂಥಗಳ ಆತ್ಮೀಯ ಲೇಖನಗಳಲ್ಲಿ ಒಂದು ಬಗೆಯ ಬರಹವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಬಾಲ್ಯದಲ್ಲಿ ತಾವು ಏರಿದ, ಈಗ ಇಲ್ಲವಾದ ಸವಾರಿಯೊಂದನ್ನು ಲೇಖಕರು ಅದರಲ್ಲಿ ನೆನೆಯುತ್ತಾರೆ. ಜಾತ್ರೆಯ ಮರದ ತೊಟ್ಟಿಲು, ನದಿ ದಾಟಿಸುತ್ತಿದ್ದ ತಾರಿಯ ದೋಣಿ, ಮುಂಬಯಿಯಿಂದ ಬರುತ್ತಿದ್ದ ಆಗಬೋಟು, ದೊಡ್ಡ ನಗರದ ವಿನೋದೋದ್ಯಾನದ ಯಂತ್ರದಾಟ, ಹೀಗೆ ವಸ್ತು ಯಾವುದೇ ಇರಲಿ, ಧಾಟಿ ಹೆಚ್ಚುಕಡಿಮೆ ಒಂದೇ. ಮೊದಲು ಸಂಭ್ರಮ, ನಡುವೆ ಭಯ ಮತ್ತು ನಗೆ, ಕೊನೆಗೆ ‘ಆ ಕಾಲ ಮತ್ತೆ ಬಾರದು’ ಎಂಬ ನಿಟ್ಟುಸಿರು. ಓದುಗರು ಇಂಥ ಬರಹವನ್ನು ಅಕ್ಕರೆಯಿಂದ ಓದುತ್ತಾರೆ. ವಿಮರ್ಶಕರು ಮಾತ್ರ ಇದನ್ನು ಸಾಹಿತ್ಯದ ಹೊರಜಗಲಿಯಲ್ಲಿಯೇ ಕೂರಿಸಿ ಸುಮ್ಮನಾಗಿದ್ದಾರೆ.

ಪ್ರಸ್ತುತ ಲೇಖನದಲ್ಲಿ ನಾವು ಈ ಬರಹವನ್ನು ಒಂದು ಸಾಹಿತ್ಯ ಪ್ರಕಾರವೆಂದೇ ಭಾವಿಸಿ, ಅದರ ಗುಣದೋಷಗಳನ್ನು ಅಳೆಯುವ ಮಾನದಂಡ ಯಾವುದೆಂಬುದನ್ನು ವಿಚಾರಿಸಹೊರಟಿದ್ದೇವೆ. ಉದಾಹರಣೆಗಳನ್ನು ಮುಖ್ಯವಾಗಿ ಕಾರವಾರ ಮತ್ತು ಅಂಕೋಲೆ ಸೀಮೆಯಿಂದ ಆರಿಸಿಕೊಂಡಿದ್ದೇವೆ. ಇದಕ್ಕೆ ಕಾರಣವುಂಟು. ಕಾಳಿ ಮತ್ತು ಗಂಗಾವಳಿ ನದಿಗಳ ದಂಡೆಯ ಈ ಕಿರಿದಾದ ಕರಾವಳಿಯಲ್ಲಿ ಸವಾರಿಗಳು ನಿಂತುಹೋದುದು ಒಂದೇ ಸಲವಲ್ಲ. ಹಳೆಯ ಸವಾರಿಯನ್ನು ಅಳಿಸಿದ ಹೊಸ ಸೌಕರ್ಯವು ಮುಂದೆ ತಾನೇ ಅಳಿದು, ಮತ್ತೊಂದು ತಲೆಮಾರಿನವರ ಬಾಲ್ಯದ ನೆನಪಾಗಿ ನಿಂತಿರುವುದನ್ನು ಇಲ್ಲಿ ಕಾಣಬಹುದು.

೨

ಮೊದಲು ಹೆಸರಿನ ವಿಚಾರ. ಪಾಶ್ಚಾತ್ಯರು ಈ ಭಾವವನ್ನು ‘ನಾಸ್ಟಾಲ್ಜಿಯ’ ಎಂದು ಕರೆಯುತ್ತಾರೆ. ಗ್ರೀಕಿನಲ್ಲಿ ಮರಳುವಿಕೆ ಮತ್ತು ನೋವು ಎಂಬ ಅರ್ಥವುಳ್ಳ ಎರಡು ಶಬ್ದಗಳನ್ನು ಕೂಡಿಸಿ, ೧೬೮೮ರಲ್ಲಿ ಬಾಸೆಲಿನ ಯೋಹಾನೆಸ್ ಹೋಫರನು ತನ್ನ ವೈದ್ಯಕೀಯ ಪ್ರಬಂಧಕ್ಕಾಗಿ ಕಟ್ಟಿದ ಪದವಿದು. ಊರು ಬಿಟ್ಟು ದೂರದಲ್ಲಿದ್ದ ಸ್ವಿಸ್ ಜನರನ್ನು ಕಾಡುತ್ತಿದ್ದ ವ್ಯಾಧಿಯೊಂದಕ್ಕೆ ಅವನು ಕೊಟ್ಟ ಹೆಸರು ಇದು. ರೋಗಿಯನ್ನು ಊರಿಗೆ ಕಳುಹಿಸುವುದೇ ಅದಕ್ಕೆ ಮದ್ದೆಂದು ತಿಳಿಯಲಾಗಿತ್ತು. ಸುಮಾರು ನೂರು ವರ್ಷಗಳ ತರುವಾಯ, ೧೭೯೮ರಲ್ಲಿ, ತತ್ತ್ವಜ್ಞಾನಿ ಕಾಂಟನು ಈ ಮದ್ದಿನ ಗುಟ್ಟನ್ನು ಬಿಡಿಸಿ ತೋರಿಸಿದನು. ಊರಿಗೆ ಮರಳಿದವನು ಅಲ್ಲಿ ನಿರಾಶನಾಗುತ್ತಾನೆ, ಆ ನಿರಾಶೆಯಿಂದಲೇ ಗುಣಹೊಂದುತ್ತಾನೆ. ಊರು ಬದಲಾಯಿತೆಂದು ಅವನು ತಿಳಿಯುತ್ತಾನಾದರೂ, ನಿಜವಾಗಿ ಅವನು ಮರಳಿ ಪಡೆಯಲಾರದುದು ತನ್ನ ಎಳೆಯ ಪ್ರಾಯವನ್ನು. ಇದು ಕಾಂಟನ ಅಭಿಪ್ರಾಯದ ಸಾರಾಂಶ.

ಕನ್ನಡದಲ್ಲಿ ಹಂಬಲ, ಕನವರಿಕೆ, ಹಳಹಳಿ ಮುಂತಾದ ಮಾತುಗಳಿವೆ. ಇವುಗಳಲ್ಲಿ ‘ಹಳಹಳಿ’ ಎಂಬುದನ್ನು ನಾವು ಇಲ್ಲಿ ಆರಿಸಿಕೊಂಡಿದ್ದೇವೆ. ಹಂಬಲವು ಮುಂದೆ ದೊರೆಯಬಹುದಾದುದರ ಕಡೆಗೂ ಹರಿಯುತ್ತದೆ. ಹಳಹಳಿಯು ಕೈತಪ್ಪಿದುದನ್ನು ಕುರಿತ ಕೊರಗು. ನಮ್ಮ ಅಲಂಕಾರಿಕರು ಈ ಭಾವಕ್ಕೆ ಪ್ರತ್ಯೇಕ ಸ್ಥಾನ ಕೊಡಲಿಲ್ಲವಾದರೂ, ಭರತನು ಎಣಿಸಿದ ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ ಸ್ಮೃತಿ ಮತ್ತು ಔತ್ಸುಕ್ಯ ಎರಡೂ ಇವೆ. ಹಳಹಳಿಯು ಇವೆರಡರ ಕೂಡಿಕೆಯೆಂದು ಹೇಳಬಹುದು. ಶಾಕುಂತಲದ ಐದನೆಯ ಅಂಕದಲ್ಲಿ ಹಾಡೊಂದನ್ನು ಕೇಳಿ ಕಾರಣವರಿಯದೆ ಕಳವಳಗೊಳ್ಳುವ ದುಷ್ಯಂತನ ಸ್ಥಿತಿ ಇದಕ್ಕೆ ಅತ್ಯಂತ ಸಮೀಪವಾದುದು.

ಕನ್ನಡ ಕಾವ್ಯದ ಮಟ್ಟಿಗೆ ಹೇಳುವುದಾದರೆ, ಹಳಹಳಿಯ ಮೇರುನಿದರ್ಶನವು ಇದೇ ಜಿಲ್ಲೆಗೆ ಸೇರಿದುದು. ಪಂಪನು ಸುಮಾರು ಕ್ರಿ.ಶ. ೯೪೧ರಲ್ಲಿ ರಚಿಸಿದ ವಿಕ್ರಮಾರ್ಜುನ ವಿಜಯದಲ್ಲಿ ಅರ್ಜುನನ ಬಾಯಿಂದ ಆಡಿಸಿದ ಬನವಾಸಿಯ ನೆನಪು ಸುವಿದಿತ. ಬನವಾಸಿ ಇಂದಿನ ಶಿರಸಿ ತಾಲೂಕಿನಲ್ಲಿದೆ. ಆ ಪ್ರಸಂಗದಲ್ಲಿ ನೆನಪನ್ನು ಎಬ್ಬಿಸುವುದು ಗಾಳಿಯ ಸ್ಪರ್ಶ, ಕಿವಿಗೆ ಬಿದ್ದ ಗಾನ, ಹೂವಿನ ಪರಿಮಳ. ಕವಿಯು ಊರನ್ನು ಹೊಗಳುವುದಕ್ಕೆ ಮೊದಲು ಮೈಯನ್ನು ಎಚ್ಚರಿಸುತ್ತಾನೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಸವಾರಿಯ ನೆನಪು ಮೈಯ ನೆನಪುಗಳಲ್ಲೆಲ್ಲ ಪ್ರಬಲವಾದುದು.

ಆದರೆ ಬನವಾಸಿಗೂ ನಿಂತುಹೋದ ಸವಾರಿಗೂ ಒಂದು ಮುಖ್ಯ ಭೇದವಿದೆ. ಬನವಾಸಿಗೆ ಮರಳಬಹುದು, ನಿಂತುಹೋದ ತೊಟ್ಟಿಲನ್ನು ಮತ್ತೆ ಏರಲಾಗದು. ಕಾಂಟನು ಹೇಳಿದ ನಿರಾಶೆಯ ಮದ್ದು ಇಲ್ಲಿ ದೊರೆಯುವಂತಿಲ್ಲ. ತೊಟ್ಟಿಲು ತೆಂಗಿನ ಮರಕ್ಕಿಂತ ಎತ್ತರವಾಗಿತ್ತೆಂದು ಲೇಖಕರು ಬರೆದರೆ ಅಷ್ಟು ಎತ್ತರವಾಗಿಯೇ ಅದು ಉಳಿಯುತ್ತದೆ. ಹೋಗಿ ನೋಡಿ ಅಲ್ಲವೆನ್ನಲು ವಸ್ತುವಿಲ್ಲ. ವಾಸ್ತವವು ತಿದ್ದಲಾರದ ನೆನಪು ಇದು. ಈ ಪ್ರಕಾರದ ಆಕರ್ಷಣೆ ಇದೇ, ಅಪಾಯವೂ ಇದೇ. ಅನುಭವವೇ ಒರೆಗಲ್ಲಾಗಲಾರದ ಕಡೆ ಬೇರೊಂದು ಒರೆಗಲ್ಲನ್ನು ವಿಮರ್ಶೆಯು ಹುಡುಕಬೇಕಾಗುತ್ತದೆ.

೩

ಸವಾರಿ ಎಂದರೇನು? ಅದು ಸ್ಥಳವೂ ಅಲ್ಲ, ವಸ್ತುವೂ ಅಲ್ಲ, ಒಂದು ಚಲನೆ. ಈ ಸರಳ ಮಾತನ್ನು ಮರೆತುದರಿಂದಲೇ ಅನೇಕ ಬರಹಗಳು ದಾರಿ ತಪ್ಪಿವೆ.

ಜಗತ್ತಿನ ಇತರ ಕಡೆಗಳಿಂದ ಎರಡು ಮೂರು ನಿದರ್ಶನಗಳನ್ನು ನೋಡೋಣ. ೧೮೯೩ರ ಚಿಕಾಗೋ ಮಹಾಪ್ರದರ್ಶನದಲ್ಲಿ ಫೆರಿಸ್ ಎಂಬ ಎಂಜಿನಿಯರನು ನಿಲ್ಲಿಸಿದ ಚಕ್ರವು ೨೬೪ ಅಡಿ ಎತ್ತರವಾಗಿತ್ತು. ಅದರ ೩೬ ಪೆಟ್ಟಿಗೆಗಳಲ್ಲಿ ಒಂದೊಂದರೊಳಗೆ ೬೦ ಜನರಿಗೆ ಎಡೆಯಿತ್ತು. ೧೯೦೬ರಲ್ಲಿ ಅದನ್ನು ಸಿಡಿಮದ್ದಿಟ್ಟು ಉರುಳಿಸಿದರು. ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ೧೮೯೭ರಿಂದ ಜನರನ್ನು ರಂಜಿಸಿದ, ಹಳಿಯ ಮೇಲೆ ಮರದ ಕುದುರೆಗಳನ್ನು ಓಡಿಸುತ್ತಿದ್ದ ಸ್ಟೀಪಲ್‌ಚೇಸ್ ಉದ್ಯಾನವು ೧೯೬೪ರಲ್ಲಿ ಮುಚ್ಚಿತು. ಅಲ್ಲಿ ಜನರನ್ನು ಮೇಲಿಂದ ಇಳಿಬಿಡುತ್ತಿದ್ದ ಕೊಡೆಯಾಟದ ಉಕ್ಕಿನ ಗೋಪುರವು ಇಂದಿಗೂ ರಕ್ಷಿತ ಸ್ಮಾರಕವಾಗಿ ನಿಂತಿದೆ. ಯಾರನ್ನೂ ಏರಿಸದು, ಇಳಿಸದು. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡಿನಲ್ಲಿ ಟೋಡ್ ಮಹಾಶಯನ ಹುಚ್ಚು ಸವಾರಿ ಎಂಬ ಆಟವನ್ನು ೧೯೯೮ರ ಸೆಪ್ಟೆಂಬರ್ ೭ರಂದು ನಿಲ್ಲಿಸಿದಾಗ, ಅದನ್ನು ಬಾಲ್ಯದಲ್ಲಿ ಏರಿದ್ದ ವಯಸ್ಕರು ಗುಂಪುಕೂಡಿ ಪ್ರತಿಭಟಿಸಿದರು. ನಮ್ಮ ದೇಶದಲ್ಲಿ ದೆಹಲಿಯ ಅಪ್ಪು ಘರ್ ೧೯೮೪ರಲ್ಲಿ ತೆರೆದು ೨೦೦೮ರಲ್ಲಿ ಮುಚ್ಚಿತು. ಮುಂಬಯಿಯ ಗೊರಾಯಿಯಲ್ಲಿ ೧೯೮೯ರಲ್ಲಿ ಆರಂಭವಾದ ಎಸ್ಸೆಲ್ ವರ್ಲ್ಡ್ ಈಚಿನ ವರ್ಷಗಳಲ್ಲಿ ಬಾಗಿಲೆಳೆದುಕೊಂಡಿತು. ಮುಂಬಯಿಯಲ್ಲಿ ಬೆಳೆದ ಉತ್ತರ ಕನ್ನಡದ ಮಕ್ಕಳಿಗೂ ಅದು ಬಾಲ್ಯದ ಒಂದು ಭಾಗವಾಗಿತ್ತು. ಅಲ್ಲಿಗೆ ಹೋಗುವುದಕ್ಕೆ ಖಾರಿಯನ್ನು ದೋಣಿಯಲ್ಲಿ ದಾಟಬೇಕಿತ್ತೆಂಬುದು ನಮ್ಮ ವಿಷಯಕ್ಕೆ ಸಂಬಂಧಪಟ್ಟ ಸಂಗತಿಯೇ ಸರಿ.

ಮುಚ್ಚಿದ ಯಂತ್ರದಾಟಗಳನ್ನು ಕುರಿತು ಪಾಶ್ಚಾತ್ಯರು ಬರೆದುದರಲ್ಲಿ ಮೆಚ್ಚತಕ್ಕ ಗುಣವೊಂದಿದೆ. ಅದು ನಿಖರತೆ. ಬಂಡಿ ಯಾವ ತಿರುವಿನಲ್ಲಿ ಕುಲುಕುತ್ತಿತ್ತು, ಯಾವ ಕತ್ತಲೆಯಲ್ಲಿ ಯಾವ ಸದ್ದು ಕೇಳುತ್ತಿತ್ತು, ಆಸನದ ಹಿಡಿಕೆ ಎಷ್ಟು ತಣ್ಣಗಿತ್ತು ಎಂಬುದನ್ನು ಅವರು ಶಾಸನಪಾಠ ನಿರ್ಣಯಿಸುವವರಷ್ಟು ಶ್ರದ್ಧೆಯಿಂದ ದಾಖಲಿಸುತ್ತಾರೆ. ಹಳೆಯ ಬಂಡಿಯೊಂದು, ಫಲಕವೊಂದು ದೊರೆತರೆ ಕಾಪಾಡುತ್ತಾರೆ. ಈ ಶ್ರದ್ಧೆಯನ್ನು ನಾವು ಹಗುರವಾಗಿ ಕಾಣಲಾಗದು. ಆದರೂ ಕಾಪಾಡಿದ ಬಂಡಿಯು ಸವಾರಿಯಾಗದು. ಇದಕ್ಕೆ ಕಾರವಾರದಲ್ಲಿಯೇ ಒಳ್ಳೆಯ ದೃಷ್ಟಾಂತವಿದೆ. ೨೦೦೫ರಲ್ಲಿ ಸೇವೆಯಿಂದ ನಿವೃತ್ತವಾದ ನೌಕಾಸೇನೆಯ ಕ್ಷಿಪಣಿ ದೋಣಿ ‘ಚಪಲ’ವನ್ನು ೨೦೦೬ರಲ್ಲಿ ರವೀಂದ್ರನಾಥ ಠಾಕೂರ್ ಕಡಲತೀರದಲ್ಲಿ ಸಂಗ್ರಹಾಲಯವಾಗಿ ನಿಲ್ಲಿಸಿದರು. ಊರವರ ಬಾಯಲ್ಲಿ ಅದು ‘ಚಾಪೆಲ್’. ಮಕ್ಕಳು ಅದನ್ನು ಹತ್ತುತ್ತಾರೆ, ಇಳಿಯುತ್ತಾರೆ. ಚಪಲವೆಂದರೆ ಒಂದೆಡೆ ನಿಲ್ಲದುದು. ಆ ಹೆಸರಿನ ದೋಣಿಯೇ ನೆಲಕ್ಕೆ ನೆಟ್ಟು ನಿಂತಿರುವುದು, ವಸ್ತು ಉಳಿದು ಚಲನೆ ಅಳಿಯುವುದು ಎಂದರೇನೆಂಬುದನ್ನು ಯಾವ ವ್ಯಾಖ್ಯಾನಕ್ಕಿಂತಲೂ ಚೆನ್ನಾಗಿ ತಿಳಿಸುತ್ತದೆ.

ಸವಾರಿಯು ಚಲನೆಯಾದರೆ, ಚಲನೆಗೆ ಚಾಲಕನೊಬ್ಬನು ಬೇಕು. ನಮ್ಮ ಮುಖ್ಯ ವಾದವು ಇಲ್ಲಿಂದ ಆರಂಭವಾಗುತ್ತದೆ.

೪

ಕಾರವಾರ–ಅಂಕೋಲೆಗಳ ಸವಾರಿಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ತಾರಿ. ಈ ಸೀಮೆಯಲ್ಲಿ ನದಿ ದಾಟಿಸುವ ಏರ್ಪಾಡಿಗೂ, ದಾಟುವ ಜಾಗಕ್ಕೂ ಇದೇ ಹೆಸರು. ಕಾಳಿಯ ಅಳಿವೆಯಲ್ಲಿ ಒಂದು ಕಡೆ ಕಾರವಾರದ ಕೋಡಿಬಾಗ, ಎದುರು ದಡದಲ್ಲಿ ಸದಾಶಿವಗಡ. ಅಂಕೋಲೆಯ ದಕ್ಷಿಣದಲ್ಲಿ ಗಂಗಾವಳಿಯ ಒಂದು ದಡಕ್ಕೆ ಮಂಜಗುಣಿ, ಮತ್ತೊಂದು ದಡದಾಚೆ ಗೋಕರ್ಣದ ದಾರಿ. ಎರಡು ಕಡೆಯೂ ನೀರು ವಿಶಾಲ. ತಾರಿಯು ಗಡಿಯಾರಕ್ಕಿಂತ ಭರತ–ಇಳಿತಗಳ ಮಾತನ್ನೇ ಹೆಚ್ಚು ಕೇಳುತ್ತಿತ್ತು. ದೊಡ್ಡವರಿಗೆ ಅದು ಕಾಯುವಿಕೆ, ಮಕ್ಕಳಿಗೆ ಅದು ಆಟ. ಶಾಲೆಗೆ, ಸಂತೆಗೆ, ಮದುವೆಗೆ ಹೋಗುವಾಗ ದಾರಿಯಲ್ಲಿ ಅನಾಯಾಸವಾಗಿ ದೊರೆಯುತ್ತಿದ್ದ ಸವಾರಿಯದು. ೧೯೮೩ರಲ್ಲಿ ಕಾಳಿಗೆ ಹೆದ್ದಾರಿಯ ಸೇತುವೆಯಾದ ಮೇಲೆ ಅಲ್ಲಿಯ ತಾರಿಯ ಕಾಲ ಮುಗಿಯಿತು.

ಎರಡನೆಯದು ಆಗಬೋಟು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ ಮೇಲೆ ಕಾರವಾರವು ಜಿಲ್ಲೆಯ ಮುಖ್ಯ ಸ್ಥಳವಾಗಿ ಬೆಳೆಯಿತು. ೧೯೫೬ರವರೆಗೆ ಕಚೇರಿ, ಕಾಲೇಜು, ಉದ್ಯೋಗ ಎಲ್ಲಕ್ಕೂ ಜನರ ಮುಖ ಮುಂಬಯಿಯ ಕಡೆಗೇ. ಘಟ್ಟದ ದಾರಿ ದುರ್ಗಮವಾಗಿದ್ದ ಕಾಲದಲ್ಲಿ ಕಡಲೇ ಹೆದ್ದಾರಿ. ಮಳೆಗಾಲದಲ್ಲಿ ಆ ಹೆದ್ದಾರಿ ಮುಚ್ಚುತ್ತಿತ್ತು; ಮಳೆ ಕಳೆದ ಮೇಲೆ ಕಾಣಿಸಿಕೊಳ್ಳುವ ಹಡಗಿನ ಹೊಗೆಯು ಮಕ್ಕಳಿಗೆ ಹಬ್ಬದ ಮುನ್ಸೂಚನೆಯಂತಿದ್ದಿರಬೇಕು. ಮೋಟಾರು ರಸ್ತೆ ಬೆಳೆದಂತೆ ಆಗಬೋಟಿನ ಪಯಣವು ನಿಂತಿತು. ೧೯೯೮ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಕಡಲಿನಿಂದ ಊರು ಸೇರುವ ಕಲ್ಪನೆಯೇ ಹೊಸ ತಲೆಮಾರಿಗೆ ಅಪರಿಚಿತವಾಯಿತು.

ಮೂರನೆಯದು ಜಾತ್ರೆಯ ಸವಾರಿ. ಅಂಕೋಲೆಯಲ್ಲಿ ವೈಶಾಖದ ಬಂಡಿಹಬ್ಬ, ಘಟ್ಟದ ಮೇಲೆ ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆ, ಕಾರವಾರದ ಕಡಲಲ್ಲಿ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ. ಹಬ್ಬ ಜಾತ್ರೆಗಳ ಪೇಟೆಯಲ್ಲಿ ತೊಟ್ಟಿಲೂ ಮರದ ಕುದುರೆಯೂ ನಿಲ್ಲುವುದು ರೂಢಿ. ಕೂರ್ಮಗಡಕ್ಕೆ ದೋಣಿಯಲ್ಲಿ ಹೋಗುವುದೇ ಜಾತ್ರೆಯ ಅರ್ಧ ಸಂತೋಷ. ಹಳೆಯ ಕಾಲದ ತೊಟ್ಟಿಲಿಗೆ ಯಂತ್ರವಿರಲಿಲ್ಲ. ನಾಲ್ಕು ಮರದ ಪೆಟ್ಟಿಗೆಗಳು, ಎರಡು ಕಂಬ, ಒಂದು ಅಚ್ಚು. ಕೆಳಗೆ ನಿಂತವನು ಪೆಟ್ಟಿಗೆಗಳನ್ನು ಕೈಯಿಂದ ಎಳೆದು ತಳ್ಳುತ್ತಿದ್ದನು. ದೊಡ್ಡ ತೊಟ್ಟಿಲಾದರೆ ಆಳು ಚೌಕಟ್ಟನ್ನು ಹತ್ತಿ, ಮೇಲಿನ ಅಡ್ಡಪಟ್ಟಿಯನ್ನು ಹಿಡಿದು ತನ್ನ ಮೈಭಾರವನ್ನೇ ಹಾಕಿ ಚಕ್ರವನ್ನು ಇಳಿಸುತ್ತಿದ್ದನು. ಚಕ್ರಕ್ಕೆ ವೇಗ ಬಂದೊಡನೆ ಹಾರಿ ಇಳಿಯುತ್ತಿದ್ದನು. ಒಂದು ಕ್ಷಣ ತಪ್ಪಿದರೆ ಅವನೇ ಚಕ್ರದೊಳಗೆ. ಮೊದಲು ಎಣ್ಣೆಯ ಎಂಜಿನು, ಬಳಿಕ ವಿದ್ಯುತ್ತು ಬಂದು ಈ ವಿದ್ಯೆಯು ಬಹುಮಟ್ಟಿಗೆ ಮರೆಯಾಗಿದೆ.

ಈ ಮೂರರಲ್ಲಿಯೂ ಸಮಾನವಾದ ಅಂಶವೊಂದನ್ನು ಗಮನಿಸಬೇಕು. ತಾರಿಯಲ್ಲಿ ಗಳ ಹಿಡಿದವನು, ಹಡಗಿನಿಂದ ಮಕ್ಕಳನ್ನು ಸಣ್ಣ ದೋಣಿಗೆ ಎತ್ತಿ ಇಳಿಸಿದವನು, ತೊಟ್ಟಿಲನ್ನು ಮೈಭಾರದಿಂದ ತಿರುಗಿಸಿದವನು, ಇವರಿಲ್ಲದೆ ಸವಾರಿಯಿಲ್ಲ. ಅಂಬಿಗ, ಹರಿಕಂತ್ರ, ಖಾರ್ವಿ ಮುಂತಾದ ಸಮುದಾಯಗಳ ಕೈಕಸುಬು ಇದರಲ್ಲಿ ಸೇರಿದೆ. ಮಗುವಿನ ಸಂತೋಷವು ಮತ್ತೊಬ್ಬರ ದಿನಗೂಲಿಯ ಮೇಲೆ ನಿಂತಿತ್ತು.

೫

ಈ ಸೀಮೆಯ ಸವಾರಿಯ ನೆನಪುಗಳಲ್ಲಿ ಜಗತ್ಪ್ರಸಿದ್ಧವಾದುದು ಕನ್ನಡದಲ್ಲಿಲ್ಲ, ಬಂಗಾಳಿಯಲ್ಲಿದೆ. ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು, ಐ.ಸಿ.ಎಸ್. ಸೇರಿದ ಮೊದಲ ಭಾರತೀಯರು, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ೧೮೮೩ರಲ್ಲಿ ಇಪ್ಪತ್ತೆರಡರ ತರುಣ ಕವಿಯು ಅಲ್ಲಿಗೆ ಬಂದು ಕೆಲಕಾಲ ತಂಗಿದರು. ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವು ಹುಟ್ಟಿದುದು ಇಲ್ಲಿಯೇ. ೧೯೧೨ರಲ್ಲಿ ಪುಸ್ತಕವಾಗಿ ಬಂದ ‘ಜೀವನಸ್ಮೃತಿ’ಯಲ್ಲಿ ಕವಿಗಳು ಕಾರವಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಬೆಳುದಿಂಗಳ ಸಂಜೆ ಸಣ್ಣ ದೋಣಿಯಲ್ಲಿ ಕಾಳಿಯನ್ನು ಮೇಲೇರಿ, ಶಿವಾಜಿಯದೆಂದು ಅವರು ಹೇಳುವ ಹಳೆಯ ಗಿರಿದುರ್ಗವೊಂದರ ಬಳಿ ಇಳಿದು, ರೈತನೊಬ್ಬನ ಅಂಗಳದಲ್ಲಿ ಊಟ ಮುಗಿಸಿ, ಹರಿವಿನೊಡನೆ ಕೆಳಗಿಳಿದು, ಅಳಿವೆಯಿಂದ ಮರಳಿನ ಮೇಲೆ ನಡೆದು ಮನೆ ಸೇರಿದ ಒಂದು ರಾತ್ರಿಯ ಚಿತ್ರ ಅದರಲ್ಲಿದೆ.

ನಮಗೆ ಮುಖ್ಯವಾದುದು ಆ ಚಿತ್ರಕ್ಕಿಂತಲೂ ಅದರ ಬೆನ್ನಿಗೇ ಬರುವ ವಿಮರ್ಶೆಯ ಮಾತು. ಅಂದಿನ ರಾತ್ರಿಯೇ ಬರೆದ ಕವಿತೆಯೊಂದನ್ನು ಕವಿಗಳು ಅಲ್ಲಿ ಕೊಟ್ಟು, ಅದರ ಬೆಲೆಯನ್ನು ತಾವೇ ತೂಗುತ್ತಾರೆ. ಭಾವವು ಎದೆ ತುಂಬಿ ತುಳುಕುವಾಗ ಬರೆದುದೇ ಉತ್ತಮವಾಗಬೇಕೆಂದಿಲ್ಲ. ಭಾವದಿಂದ ತೀರ ದೂರವಾದವನೂ ಬರೆಯಲಾರ, ತೀರ ಹತ್ತಿರವಿದ್ದವನೂ ಬರೆಯಲಾರ. ಕಾವ್ಯಕ್ಕೆ ತಕ್ಕ ಬಣ್ಣವನ್ನು ಸ್ಮೃತಿಯು ಕೊಡಬಲ್ಲದು. ಇದು ಅವರ ಅಭಿಪ್ರಾಯ. ಮೂವತ್ತು ವರ್ಷಗಳ ದೂರದಿಂದ ಬರೆದ ಗದ್ಯವು ಆ ರಾತ್ರಿಯ ಪದ್ಯಕ್ಕಿಂತ ಮೇಲಾಗಿರುವುದೇ ಈ ಮಾತಿಗೆ ಪುರಾವೆ. ಹಳಹಳಿಯ ಬರಹಕ್ಕೆ ಬೇಕಾದ ಮೂಲಸೂತ್ರವೊಂದು ಹೀಗೆ ಕಾರವಾರದ ಮರಳಿನ ಮೇಲೆಯೇ ರೂಪುಗೊಂಡಿದೆ. ನಮ್ಮ ಸ್ಮರಣ ಸಂಚಿಕೆಗಳ ಲೇಖಕರು ಸಾಮಾನ್ಯವಾಗಿ ಈ ದೂರವನ್ನು ಕಾಯ್ದುಕೊಳ್ಳುವುದಿಲ್ಲ. ಕಾಲದಿಂದ ಅವರು ದೂರವಿದ್ದರೂ ಭಾವದಿಂದ ತೀರ ಹತ್ತಿರವಾಗಿ, ಅಂದಿನ ಮಗುವಿನ ಗಂಟಲಿನಿಂದಲೇ ಮಾತನಾಡಲು ಹವಣಿಸುತ್ತಾರೆ. ಫಲವಾಗಿ ಮಗುವಿನ ಸರಳತೆಯೂ ದೊರೆಯದೆ, ಹಿರಿಯರ ವಿವೇಕವೂ ದೊರೆಯದೆ ಬರಹವು ನಡುನೀರಿನಲ್ಲಿ ನಿಲ್ಲುತ್ತದೆ.

ಠಾಕೂರರ ಚಿತ್ರದಲ್ಲಿಯೂ ದೋಣಿ ನಡೆಸಿದವರ ಕುರಿತು ಹೆಚ್ಚು ಮಾತಿಲ್ಲ. ಆದರೆ ರೈತನ ಆ ಅಂಗಳವು ಚೊಕ್ಕಟವಾಗಿ ಗುಡಿಸಿದ್ದಿತೆಂಬ ಒಂದು ವಿವರವಿದೆ. ಗುಡಿಸಿದ ಅಂಗಳವೆಂದರೆ ಗುಡಿಸಿದ ಕೈ. ಬೆಳುದಿಂಗಳ ಅಷ್ಟು ವೈಭವದ ನಡುವೆ ಈ ಚಿಕ್ಕ ವಿವರವು ಚಿತ್ರವನ್ನು ನೆಲಕ್ಕೆ ತಂದು ನಿಲ್ಲಿಸುತ್ತದೆ. ದೊಡ್ಡ ಲೇಖಕನ ಕಣ್ಣಿನ ಲಕ್ಷಣವಿದು.

೬

ಇಷ್ಟು ಪೀಠಿಕೆಯಾದ ಬಳಿಕ ನಮ್ಮ ಮಾನದಂಡವನ್ನು ಸ್ಪಷ್ಟವಾಗಿ ಹೇಳಬಹುದು. ನಿಂತುಹೋದ ಸವಾರಿಯನ್ನು ಕುರಿತ ಬರಹವನ್ನು ಓದುವಾಗ ವಿಮರ್ಶಕನು ಕೇಳಬೇಕಾದ ಪ್ರಶ್ನೆ ಇದು: ತೊಟ್ಟಿಲನ್ನು ತಿರುಗಿಸಿದವನು ಈ ಬರಹದಲ್ಲಿದ್ದಾನೆಯೇ?

ಇದು ಕರುಣೆಯ ಅಥವಾ ಲೋಕನೀತಿಯ ಪ್ರಶ್ನೆಯೆಂದು ಯಾರಾದರೂ ಭಾವಿಸಿದರೆ ಅದು ಅಪೂರ್ಣ ಗ್ರಹಿಕೆ. ಇದು ಮೊದಲಿಗೆ ಸತ್ಯದ ಪ್ರಶ್ನೆ, ಆ ಮೂಲಕ ಕಲೆಯ ಪ್ರಶ್ನೆ. ವಾಸ್ತವವು ತಿದ್ದಲಾರದ ನೆನಪನ್ನು ಒಳಗಿನಿಂದಲೇ ತಿದ್ದಬಲ್ಲವನು ಅವನೊಬ್ಬನೇ. ತೊಟ್ಟಿಲು ಎಷ್ಟು ಎತ್ತರವಿತ್ತೆಂದು ಏರಿದ ಮಗು ಹೇಳಲಾರದು. ದಿನಕ್ಕೆ ನೂರು ಸಲ ಹತ್ತಿ ಇಳಿದವನ ಮೈಗೆ ಅದು ಗೊ�ತ್ತು. ಅವನು ಬರಹದಲ್ಲಿ ಬಂದೊಡನೆ ಚಕ್ರಕ್ಕೆ ಭಾರ ಬರುತ್ತದೆ, ಕಂಬಕ್ಕೆ ಆಳ ಬರುತ್ತದೆ, ಸಂತೋಷಕ್ಕೆ ಬೆಲೆ ಬರುತ್ತದೆ. ಅವನಿಲ್ಲದ ತೊಟ್ಟಿಲು ತಾನಾಗಿ ತಿರುಗುವ ಮಾಯೆ. ಅದನ್ನು ಕುರಿತು ನಿಟ್ಟುಸಿರಿಡಬಹುದಲ್ಲದೆ ಬರೆಯುವುದಕ್ಕೆ ಏನೂ ಇರುವುದಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಮಗುವು ಅಂಬಿಗನ ಕಷ್ಟವನ್ನು ಅರಿತಿರಲಿಲ್ಲ. ದೊಡ್ಡವನಾದ ಮೇಲೆ ಕಲಿತುದನ್ನು ಬಾಲ್ಯದೊಳಕ್ಕೆ ತುರುಕುವುದು ನೆನಪಿಗೆ ಬಗೆದ ದ್ರೋಹವಾಗದೇ? ಆಕ್ಷೇಪವು ಗಂಭೀರವಾದುದು. ಆದರೆ ಮಗು ನಿಜವಾಗಿ ಏನನ್ನು ಕಂಡಿತ್ತೆಂದು ವಿಚಾರಿಸಿದರೆ ಉತ್ತರವು ಬೇರೆಯಾಗುತ್ತದೆ. ದೋಣಿಯಲ್ಲಿ ಕೂತ ಮಗುವಿನ ಕಣ್ಣಿನ ಮಟ್ಟಕ್ಕೆ ಬರುವುದು ದಿಗಂತವಲ್ಲ, ಅಂಬಿಗನ ಮೊಣಕಾಲು ಮತ್ತು ಕೈ. ಭಯವಾದಾಗ ಮಗು ನೋಡುವುದು ಅವನ ಮುಖವನ್ನೇ. ಅವನು ನಕ್ಕರೆ ಧೈರ್ಯ, ಹುಬ್ಬು ಗಂಟಿಕ್ಕಿದರೆ ಅಳು. ಅವನ ಕೂಗು, ಬೆವರಿನ ವಾಸನೆ, ಬೀಡಿಯ ಹೊಗೆ ಎಲ್ಲವೂ ಸವಾರಿಯೊಳಗೇ ಇದ್ದವು. ಅವನ ಕಷ್ಟ ಮಗುವಿಗೆ ಅರ್ಥವಾಗಿರದಿರಬಹುದು, ಅವನ ಇರವು ಕಾಣದೆ ಇರಲಿಲ್ಲ. ಅವನನ್ನು ಚಿತ್ರದಿಂದ ಅಳಿಸಿದವನು ಮಗುವಲ್ಲ. ನೆನಪನ್ನು ಚೆಂದಗೊಳಿಸಲು ಹೊರಟ ವಯಸ್ಕ ಲೇಖಕ. ಆದುದರಿಂದ ಅವನನ್ನು ಮರಳಿ ತರುವುದು ಹೊಸದನ್ನು ಸೇರಿಸಿದಂತಲ್ಲ, ಅಳಿಸಿದುದನ್ನು ತುಂಬಿಕೊಟ್ಟಂತೆ.

ಮತ್ತೊಂದು ಕಾರಣದಿಂದಲೂ ಈ ಮಾನದಂಡವು ಅಗತ್ಯ. ಸವಾರಿ ನಿಂತುದೇಕೆ ಎಂಬುದನ್ನು ಹೇಳದ ಬರಹವು ಓದುಗನನ್ನು ತಪ್ಪು ದಾರಿಗೆ ಎಳೆಯುತ್ತದೆ. ಕಾಳಿಯ ತಾರಿಯ ಕಾಲ ಮುಗಿದುದು ಯಾರ ಹಗೆತನದಿಂದಲೂ ಅಲ್ಲ. ಇಳಿತದ ಹೊತ್ತಿನಲ್ಲಿ ದಡದಲ್ಲಿ ನೋವು ತಿನ್ನುತ್ತ ಕಾದ ಬಸುರಿಗೆ, ಮಳೆಗಾಲದ ರಾತ್ರಿ ವೈದ್ಯರನ್ನು ಅರಸಿ ಬಂದವನಿಗೆ ಸೇತುವೆಯು ವರವಾಗಿತ್ತು. ಅದೇ ಸೇತುವೆಯಿಂದ ತಾರಿಯ ದುಡಿಮೆ ಅಳಿಯಿತು. ಎರಡೂ ನಿಜ. ಎರಡನ್ನೂ ಒಂದೇ ಪುಟದಲ್ಲಿ ಹಿಡಿಯಬಲ್ಲ ಹಳಹಳಿಯೇ ಪ್ರೌಢವಾದುದು.

ಇನ್ನೂ ಕಠಿಣವಾದ ನಿದರ್ಶನವು ಕೂರ್ಮಗಡದ್ದು. ೨೦೧೯ರ ಜನವರಿ ೨೧ರಂದು ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಕಾರವಾರದ ಸಮೀಪ ಮಗುಚಿ ೧೬ ಜನರು ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಜಾತ್ರೆ ನಿಂತಿಲ್ಲ, ದ್ವೀಪಕ್ಕೆ ದೋಣಿಗಳು ಹೋಗುತ್ತಿವೆ. ಆದರೆ ಆ ದಿನದ ತರುವಾಯ ಕೂರ್ಮಗಡದ ದೋಣಿಯನ್ನು ಬರಿಯ ಬಾಲ್ಯದ ವಿನೋದವಾಗಿ ಯಾರೂ ಬರೆಯಲಾರರು, ಬರೆಯಬಾರದು. ತೆರೆಯ ಏರಿಳಿತಕ್ಕೆ ಮಕ್ಕಳು ಕೇಕೆಹಾಕಿದ ನೆನಪು ಸುಳ್ಳಾಗಿಲ್ಲ. ಆ ಕೇಕೆಯ ಕೆಳಗೆ ಎಷ್ಟು ನೀರಿತ್ತೆಂಬುದು ಈಗ ತಿಳಿದಿದೆ. ನಗೆಯನ್ನೂ ನೀರಿನ ಆಳವನ್ನೂ ಒಟ್ಟಿಗೆ ಹೇಳುವ ಗದ್ಯವನ್ನು ನಮ್ಮ ಲೇಖಕರು ಸಾಧಿಸಬೇಕಾಗಿದೆ.

ತಾರಿಯನ್ನು ನಿಲ್ಲಿಸಿದ ಸೇತುವೆಗೂ ಕೊನೆ ಬಂದಿತು. ೨೦೨೪ರ ಆಗಸ್ಟ್ ೭ರಂದು, ಮಧ್ಯರಾತ್ರಿ ಕಳೆದ ಹೊತ್ತಿನಲ್ಲಿ, ಕಾಳಿಯ ಹಳೆಯ ಸೇತುವೆ ಕುಸಿದು ನದಿಗೆ ಬಿದ್ದಿತು. ಅದರೊಡನೆ ನೀರಿಗುರುಳಿದ ಲಾರಿಯ ಚಾಲಕನನ್ನು ಪೊಲೀಸರೂ ಸ್ಥಳೀಯ ಮೀನುಗಾರರೂ ಕೂಡಿ ಉಳಿಸಿದರು. ಬಸ್ಸಿನ ಕಿಟಕಿಯಿಂದ ಕಾಳಿಯ ಅಳಿವೆಯನ್ನೂ ಕಡಲನ್ನೂ ಆ ಸೇತುವೆಯ ಮೇಲಿಂದ ನೋಡುತ್ತ ಬೆಳೆದ ಒಂದು ತಲೆಮಾರಿಗೆ ಅದೇ ಬಾಲ್ಯದ ಸವಾರಿ. ತಾರಿಗಾಗಿ ಹಳಹಳಿಸಿದವರ ಮಕ್ಕಳು ಸೇತುವೆಗಾಗಿ ಹಳಹಳಿಸುವ ಕಾಲ ಈಗ ಬಂದಿದೆ. ‘ಹಿಂದೆ ಎಲ್ಲವೂ ಚೆನ್ನಾಗಿತ್ತು’ ಎಂಬ ಮಾತು ಎಷ್ಟು ಟೊಳ್ಳೆಂಬುದನ್ನು ಈ ಸರಣಿಯು ತೋರಿಸುತ್ತದೆ. ಆದರೆ ಸೇತುವೆ ಬಿದ್ದ ಆ ರಾತ್ರಿ ನೀರಿಗಿಳಿದವರಲ್ಲಿ ದೋಣಿಯ ಜನರೂ ಇದ್ದರೆಂಬುದನ್ನು ಮುಂದಿನ ಹಳಹಳಿಯು ಮರೆಯದಿದ್ದರೆ, ಅದು ಹಿಂದಿನದಕ್ಕಿಂತ ಒಂದು ಹೆಜ್ಜೆ ಮುಂದಿಟ್ಟಂತಾಗುತ್ತದೆ.

೭

ಕೊನೆಯದಾಗಿ ಒಂದು ಸಂದೇಹವನ್ನು ಪರಿಹರಿಸಬೇಕು. ಇದೇ ಸೀಮೆಯಲ್ಲಿ ಸವಾರಿಗಳಿಗಿಂತ ಬಹು ದೊಡ್ಡವು ಮುಚ್ಚಿಹೋಗಿವೆ. ೧೯೮೬ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಯ ಯೋಜನೆಗಾಗಿ ಕಾರವಾರ ಮತ್ತು ಅಂಕೋಲೆ ತಾಲೂಕುಗಳ ೧೩ ಹಳ್ಳಿಗಳ ೪,೦೦೦ಕ್ಕೂ ಹೆಚ್ಚು ಕುಟುಂಬಗಳು ನೆಲೆ ತೊರೆದವು. ೨೦೦೫ರಲ್ಲಿ ಅರಗದಲ್ಲಿ ‘ಕದಂಬ’ ನೌಕಾನೆಲೆಯು ಕಾರ್ಯಾರಂಭ ಮಾಡಿತು. ಮನೆ, ಗದ್ದೆ, ದೇವಸ್ಥಾನ, ದೋಣಿ ಎಳೆದಿಡುತ್ತಿದ್ದ ಕಡಲಂಚು ಎಲ್ಲವೂ ಬೇಲಿಯಾಚೆ ಉಳಿದವರ ಮುಂದೆ ತೊಟ್ಟಿಲು, ತಾರಿಗಳನ್ನು ನೆನೆಯುವುದು ಚಿಲ್ಲರೆ ವಿಷಯವಲ್ಲವೇ ಎಂದು ಯಾರಾದರೂ ಕೇಳಬಹುದು.

ನಮ್ಮ ಅಭಿಪ್ರಾಯದಲ್ಲಿ ಅದು ಚಿಲ್ಲರೆಯಲ್ಲ. ದೊಡ್ಡ ನಷ್ಟಕ್ಕೆ ಕಾಗದಪತ್ರಗಳಿವೆ. ಭೂಮಿಯ ವಿಸ್ತೀರ್ಣ, ಪರಿಹಾರದ ಮೊತ್ತ, ನ್ಯಾಯಾಲಯದ ತೀರ್ಪು ಎಲ್ಲೋ ಒಂದು ಕಡೆ ದಾಖಲಾಗಿರುತ್ತವೆ. ಸವಾರಿಯ ನಷ್ಟಕ್ಕೆ ದಾಖಲೆಯಿಲ್ಲ. ಯಾವ ಬಂಡೆಯಿಂದ ಮಕ್ಕಳು ನೀರಿಗೆ ಹಾರುತ್ತಿದ್ದರು, ಯಾರ ದೋಣಿಯ ಅಂಚಿನಲ್ಲಿ ಜೋತು ಬೀಳುತ್ತಿದ್ದರು ಎಂಬುದಕ್ಕೆ ಪರಿಹಾರವನ್ನು ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ. ದಾಖಲೆಯಿಲ್ಲದ ಕಡೆ ಸಾಹಿತ್ಯವೇ ದಾಖಲೆ. ಆದುದರಿಂದಲೇ ಅದು ನಿಖರವಾಗಿರಬೇಕು. ಆದುದರಿಂದಲೇ ಅದರಲ್ಲಿ ಏರಿದವರೊಡನೆ ಏರಿಸಿದವರೂ ಇರಬೇಕು. ಹಾನೇಹಳ್ಳಿಯಂಥ ಒಂದು ಚಿಕ್ಕ ಊರನ್ನು ಮುಂಬಯಿಯಲ್ಲಿ ಕುಳಿತು ಕನ್ನಡ ಕಥೆಯ ಶಾಶ್ವತ ಭೂಪಟದಲ್ಲಿ ನಿಲ್ಲಿಸಿದ ಯಶವಂತ ಚಿತ್ತಾಲರ ಸಾಧನೆಯು, ದೂರ ಮತ್ತು ನಿಖರತೆಗಳು ಕೂಡಿದಾಗ ಹಳಹಳಿಯು ಎಲ್ಲಿಯವರೆಗೆ ಬೆಳೆಯಬಲ್ಲುದೆಂಬುದಕ್ಕೆ ಈ ಜಿಲ್ಲೆಯದೇ ಸಾಕ್ಷಿ.

ಈ ಚರ್ಚೆಯಿಂದ ನಮ್ಮ ವಿಭಾಗದ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದಾದ ಕಾರ್ಯವೊಂದು ಸೂಚಿತವಾಗುತ್ತದೆ. ಕೋಡಿಬಾಗ, ಸದಾಶಿವಗಡ, ಮಂಜಗುಣಿ ಮುಂತಾದ ತಾರಿಗಳಲ್ಲಿ ದುಡಿದವರು, ಜಾತ್ರೆಯಿಂದ ಜಾತ್ರೆಗೆ ತೊಟ್ಟಿಲು ಹೊತ್ತು ತಿರುಗಿದವರು, ಅವರ ಮನೆಯವರು ಈಗಲೂ ಅಲ್ಲಲ್ಲಿ ಇದ್ದಾರೆ. ಅವರು ಬಳಸುತ್ತಿದ್ದ ಮಾತುಗಳು, ದೋಣಿಗಳ ಹೆಸರುಗಳು, ಸಾಗುವಳಿಯ ದರಗಳು, ನೀರಿನ ಲಕ್ಷಣ ಅಳೆಯುವ ಕ್ರಮ, ತೊಟ್ಟಿಲು ಕಟ್ಟಿ ಬಿಚ್ಚುವ ವಿಧಾನ ಇವುಗಳನ್ನು ಅವರ ಬಾಯಿಂದಲೇ ಕೇಳಿ ಬರೆದಿಡಬೇಕು. ಏರಿದವರ ನೆನಪು ನಮ್ಮ ಸಂಚಿಕೆಗಳಲ್ಲಿ ಸಾಕಷ್ಟು ಸೇರಿದೆ. ಏರಿಸಿದವರ ನೆನಪು ಅದರ ಪಕ್ಕದಲ್ಲಿ ಬಂದು ಕುಳಿತಾಗ ಮಾತ್ರ ಕಾಳಿಯ ತಾರಿಯು ಎಷ್ಟು ಅಗಲದ ನೀರನ್ನು ದಾಟುತ್ತಿತ್ತೆಂಬುದು ಕನ್ನಡದ ಓದುಗನಿಗೆ ತಿಳಿದೀತು.